ಮನೆ ನಾಯಿಗೆ ಕೋಳಿಮರಿಗಳನ್ನು ಅಭ್ಯಾಸ ಮಾಡಿಸುವುದು ಹೇಗೆ?

ಮೂರು ವರ್ಷದ ಹಿಂದೆ ಮನೆಗೆ ಗಿರಿರಾಜ ತಳಿಯ 20 ಕೋಳಿಮರಿ ತಂದ ದಿನವೇ ನಾನು ಒಂದು ತಪ್ಪು ಮಾಡಿದೆ. ನಮ್ಮ ಕೆಂಚ ನಾಟಿ ನಾಯಿ, ಮಕ್ಕಳು ಕಿವಿ ಹಿಡಿದು ಎಳೆದರೂ ಸುಮ್ನೆ ಮಲಗಿರುವಂಥವನು. ಅವನೇನೂ ಮಾಡಲ್ಲ ಅಂತ ಮರಿಗಳ ರಟ್ಟಿನ ಬಾಕ್ಸನ್ನು ಜಗುಲಿ ಮೇಲೆ ಇಟ್ಟು, ನೀರು ತರೋಣ ಅಂತ ಒಳಗೆ ಹೋದೆ. ಎರಡು ನಿಮಿಷ ಆಗಿತ್ತೋ ಇಲ್ಲವೋ. ವಾಪಸ್ ಬಂದರೆ ಕೆಂಚ ಬಾಲ ಆಡಿಸಿಕೊಂಡು ಒಂದು ಮರಿಯನ್ನು ಬಾಯಲ್ಲಿ ಹಿಡಿದು ನನ್ನ ಹತ್ತಿರವೇ ಬಂದ, ಕಾಲ ಬಳಿ ಮೆಲ್ಲಗೆ ಇಟ್ಟ. ಹಲ್ಲಿನ ಗುರುತಿಲ್ಲ, ಒಂದು ಹನಿ ರಕ್ತ ಇಲ್ಲ. ಮೆತ್ತನೆ ಪುಕ್ಕ ಜೊಲ್ಲಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು, ಕತ್ತು ಒಂದು ಕಡೆ ವಾಲಿತ್ತು. ಮರಿ ಸತ್ತಿತ್ತು.

ಕಚ್ಚದೇ ಹೇಗೆ ಸತ್ತಿತು ಅಂತ ಆಮೇಲೆ ತಿಳಿಯಿತು. ಹಕ್ಕಿಗಳಿಗೆ ನಮ್ಮ ಹಾಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ, ಅಂದರೆ ಉಸಿರು ಎಳೆಯಲು ನೆರವಾಗುವ ಸ್ನಾಯುವಿನ ಪರದೆ, ಇರುವುದಿಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರೆ ಮಾತ್ರ ಅವುಗಳಿಗೆ ಉಸಿರು. ಎದೆಯನ್ನು ಒತ್ತಿ ಹಿಡಿದರೆ ಮೂಗು ಬಾಯಿ ತೆರೆದೇ ಇದ್ದರೂ ಉಸಿರಾಡಲು ಆಗುವುದಿಲ್ಲ. ದಿನದ ಮರಿ ಅಂದರೆ ಸುಮಾರು 40 ಗ್ರಾಂ ತೂಕ, ಅದನ್ನು ನಾಯಿ ಎಷ್ಟು ಮೆತ್ತಗೆ ಹಿಡಿದರೂ ಜಾಸ್ತಿಯೇ. ಚಿಕ್ಕ ಮಕ್ಕಳು ಮರಿಯನ್ನು ಪ್ರೀತಿಯಿಂದ ಬಿಗಿಯಾಗಿ ಅಪ್ಪಿಕೊಂಡಾಗ ಆಗುವುದೂ ಇದೇ, ಹಾಗಾಗಿ ಈ ಮಾತನ್ನು ಮನೆ ಮಕ್ಕಳಿಗೂ ಹೇಳಿಬಿಡಿ.

ಆ ದಿನದ ನಂತರ ನಾನು ಸರಿಯಾದ ರೀತಿಯಲ್ಲಿ ಮೊದಲಿಂದ ಶುರು ಮಾಡಿದೆ. ಈಗ ಕೆಂಚ ಕೋಳಿಗಳ ಮಧ್ಯೆ ನಡೆದು ಹೋಗುತ್ತಾನೆ, ತಿರುಗಿ ಕೂಡ ನೋಡುವುದಿಲ್ಲ. ನಮಗೆ ಬೇಕಾಗಿರುವುದು ಇಷ್ಟೇ. ನಾಯಿ ತಲೆ ಮೇಲೆ ಮರಿ ಕೂರಿಸಿ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರಲ್ಲ, ಅದು ನಮ್ಮ ಗುರಿ ಅಲ್ಲ. ನಾಯಿಗೂ ಮರಿಗೂ ಸ್ನೇಹ ಆಗಬೇಕಿಲ್ಲ. ನಾಯಿಗೆ ಮರಿ ಅಂದರೆ ಬೇಸರ ಬಂದುಬಿಡಬೇಕು, ಮನೆ ಮುಂದಿನ ಒರಳುಕಲ್ಲಿನ ಹಾಗೆ, ಇದ್ದರೂ ಲೆಕ್ಕಕ್ಕಿಲ್ಲ ಅನ್ನಿಸಬೇಕು.

ನಿಮ್ಮ ನಾಯಿ ಎಂಥದ್ದು ಅಂತ ಮೊದಲು ನೋಡಿ

ಎಲ್ಲ ನಾಯಿಗೂ ಒಂದೇ ಲೆಕ್ಕ ಹಾಕಲು ಆಗುವುದಿಲ್ಲ. ಮುಧೋಳ ನಾಯಿ ಕಣ್ಣಿಂದ ನೋಡಿ ಅಟ್ಟಿಸಿಕೊಂಡು ಹೋಗುವ ಜಾತಿ. ಮೊಲ ಓಡಿದರೆ ಹೇಗೋ ಮರಿ ಓಡಿದರೂ ಹಾಗೆಯೇ, ಅದರ ಮೈ ತಾನಾಗಿ ಹೊರಡುತ್ತದೆ. ಲ್ಯಾಬ್ರಡಾರ್ ಬೇಟೆಗಾರರು ಹೊಡೆದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರಲೆಂದೇ ಬೆಳೆಸಿದ ತಳಿ, ಹಾಗಾಗಿ ಎಷ್ಟೇ ಸಾಧುವಾಗಿದ್ದರೂ ಬಾಯಿಗೆ ಹಾಕಿಕೊಳ್ಳುವ ಆಸೆ ಅದಕ್ಕೆ ಇದ್ದೇ ಇರುತ್ತದೆ. ಜರ್ಮನ್ ಶೆಫರ್ಡ್‌ನಂಥವು ಕುರಿ ಕಾಯುವ ಕುಲದವು, ಚದುರಿದ್ದನ್ನು ಒಟ್ಟು ಮಾಡಲು ಸುತ್ತ ಓಡುತ್ತವೆ, ಮರಿಗಳು ಹೆದರಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ನಮ್ಮ ನಾಟಿ ನಾಯಿಗಳಲ್ಲಿ ಒಂದೊಂದರದ್ದು ಒಂದೊಂದು ಗುಣ. ಅಳಿಲು ಕಂಡರೆ, ಓತಿಕ್ಯಾತ ಕಂಡರೆ ನಿಮ್ಮ ನಾಯಿ ಏನು ಮಾಡುತ್ತದೆ? ಕರೆದ ಕೂಡಲೇ ಬಿಟ್ಟು ಬಂದರೆ ಕೆಲಸ ಸುಲಭ. ಕೂಗಿದರೂ ಕಿವಿಗೇ ಹಾಕಿಕೊಳ್ಳದಿದ್ದರೆ ಹೆಚ್ಚು ದಿನ ಬೇಕು.

ಈಗಾಗಲೇ ಕೋಳಿ ಕೊಂದು ರುಚಿ ನೋಡಿದ ನಾಯಿ ಆದರೆ ಈ ಅಭ್ಯಾಸ ಮಾಡಿಸಲು ಹೋಗಬೇಡಿ. ಅದಕ್ಕೆ ಒಂದೇ ದಾರಿ, ಗಟ್ಟಿ ಬೇಲಿ. ಸತ್ತ ಕೋಳಿಯನ್ನು ನಾಯಿ ಕೊರಳಿಗೆ ಕಟ್ಟಿದರೆ ಚಾಳಿ ಬಿಡುತ್ತದೆ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ನಾಯಿಗೆ ಅದರಿಂದ ಏನೂ ಅರ್ಥವಾಗುವುದಿಲ್ಲ, ಕೊಳೆತ ಮಾಂಸದಿಂದ ರೋಗ ಬರುತ್ತದೆ ಅಷ್ಟೆ.

ಇನ್ನೊಂದು ಮಾತು. ಮನೆಯಲ್ಲಿ ಕೋಳಿ ಕೊಯ್ದಾಗ ಪುಕ್ಕದ ಸಮೇತ ತಲೆ, ಕಾಲು, ಕರುಳನ್ನು ನಾಯಿಗೆ ಎಸೆಯುವ ರೂಢಿ ನಮ್ಮಲ್ಲಿ ಇದೆ. ಕೋಳಿ ಸಾಕುವ ಮನೆಯಲ್ಲಿ ಇದನ್ನು ನಿಲ್ಲಿಸಿ. ಪುಕ್ಕದ ವಾಸನೆಯನ್ನು ಊಟದ ಜೊತೆ ನಾವೇ ಗಂಟು ಹಾಕಿಕೊಟ್ಟ ಹಾಗೆ ಆಗುತ್ತದೆ. ಬೇಯಿಸಿದ ಕೋಳಿ ಕೊಡಬಹುದು, ಮೂಳೆ ಮಾತ್ರ ಬೇಡ.

ಮರಿ ತರುವ ಎರಡು ವಾರ ಮೊದಲು: "ಬಿಡು" ಅನ್ನುವ ಮಾತು

ಎಲ್ಲದಕ್ಕಿಂತ ಮುಖ್ಯವಾದ ಪಾಠ ಇದು. ಮುಷ್ಟಿಯೊಳಗೆ ಒಂದು ಬಿಸ್ಕತ್ತಿನ ತುಂಡು ಮುಚ್ಚಿಟ್ಟು ನಾಯಿ ಮೂಗಿನ ಮುಂದೆ ಹಿಡಿಯಿರಿ. ಅದು ನೆಕ್ಕುತ್ತದೆ, ಕೆರೆಯುತ್ತದೆ, ಮೂತಿಯಿಂದ ತಳ್ಳುತ್ತದೆ. ನೀವು ಸುಮ್ಮನಿರಿ, ಬೈಯಬೇಡಿ. ಸಾಕಾಗಿ ಒಂದು ಕ್ಷಣ ಮೂತಿ ಹಿಂದಕ್ಕೆ ತೆಗೆಯುತ್ತದಲ್ಲ, ಆ ಕ್ಷಣಕ್ಕೇ "ಶಹಬ್ಬಾಸ್" ಅಂದು ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಿ. ಮುಷ್ಟಿಯಲ್ಲಿ ಇದ್ದದ್ದನ್ನು ಕೊಡಬಾರದು, "ಬಿಡು" ಅಂದದ್ದು ಕೊನೆಗೂ ಸಿಗುತ್ತದೆ ಅಂತ ಅದಕ್ಕೆ ಗೊತ್ತಾದರೆ ಪಾಠ ಕೆಟ್ಟಿತು. ಮೂತಿ ಬೇಗ ಹಿಂದೆ ತೆಗೆಯಲು ಶುರುವಾದ ಮೇಲೆ ಮುಷ್ಟಿ ತೋರಿಸುವಾಗಲೇ "ಬಿಡು" ಅನ್ನಿ.

ಆಮೇಲೆ ತಿಂಡಿಯನ್ನು ನೆಲದ ಮೇಲೆ ಇಟ್ಟು ಮಾಡಿಸಿ. ಅದೂ ಬಂದ ಮೇಲೆ ಚಲಿಸುವ ವಸ್ತು. ಒಂದು ಹಳೇ ಬಟ್ಟೆ ಚೂರಿಗೆ ದಾರ ಕಟ್ಟಿ ನೆಲದ ಮೇಲೆ ಸರಕ್ಕನೆ ಎಳೆಯಿರಿ, ಬಿಟ್ಟು ಬಿಟ್ಟು ಎಳೆಯಿರಿ. ಮರಿ ಓಡುವುದೂ ಹೀಗೇ ಅಲ್ವಾ? ಇದನ್ನು ನೋಡಿಯೂ "ಬಿಡು" ಅಂದಾಗ ನಿಮ್ಮ ಮುಖ ನೋಡಿದರೆ ಅರ್ಧ ಕೆಲಸ ಆಯಿತು. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಜೊತೆಗೆ "ಕೂರು", "ಬಾ" ಎರಡೂ ಗಟ್ಟಿಯಾಗಿರಲಿ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ನೀವು "ಬಿಡು" ಅನ್ನುವುದು, ಅಮ್ಮ "ಏಯ್ ಹಚಾ" ಅನ್ನುವುದು, ಮಕ್ಕಳು "ನೋ ನೋ" ಅನ್ನುವುದು ಆದರೆ ನಾಯಿಗೆ ಯಾವುದೂ ತಲೆಗೆ ಹತ್ತುವುದಿಲ್ಲ.

ಮರಿಗಳ ಜಾಗ

ಇಲ್ಲಿ ನನ್ನದು ಒಂದೇ ನಿಯಮ: ನಾಯಿಗೂ ಮರಿಗೂ ಮಧ್ಯೆ ಯಾವಾಗಲೂ ಎರಡು ಅಡ್ಡ ಇರಬೇಕು. ಒಂದು ಕೋಣೆಯ ಬಾಗಿಲು, ಇನ್ನೊಂದು ಮರಿ ಪೆಟ್ಟಿಗೆಯ ಮುಚ್ಚಳ. ಬಾಗಿಲು ಹಾಕುವುದನ್ನು ಯಾರಾದರೂ ಒಂದು ದಿನ ಮರೆತೇ ಮರೆಯುತ್ತಾರೆ, ಅವತ್ತು ಮುಚ್ಚಳ ಕಾಪಾಡುತ್ತದೆ. ಕೋಳಿ ಜಾಲರಿ ಅಂತ ಅಂಗಡಿಯಲ್ಲಿ ಕೊಡುವ ತೆಳು ಆರುಮೂಲೆ ಜಾಲರಿಯನ್ನು ದೊಡ್ಡ ನಾಯಿ ಹಲ್ಲಿನಿಂದ ಕಿತ್ತು ಹಾಕುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ತನ್ನಿ, ದುಡ್ಡು ಜಾಸ್ತಿ ಆದರೂ ಹೆಗ್ಗಣ ಬೆಕ್ಕಿನಿಂದಲೂ ರಕ್ಷಣೆ. ಬಿದಿರಿನ ಮಂಕರಿ ಕವುಚಿ ಹಾಕುವುದು ಹೇಟೆ (ತಾಯಿ ಕೋಳಿ) ಜೊತೆ ಇರುವ ಮರಿಗಳಿಗೆ ಹಗಲು ಹೊತ್ತಿಗೆ ಒಳ್ಳೆಯದೇ, ಆದರೆ ನಾಯಿ ಮೂತಿ ಹಾಕಿ ಎತ್ತಿದರೆ ಎದ್ದುಬಿಡುತ್ತದೆ. ಮೇಲೊಂದು ಕಲ್ಲು ಹೇರಿ.

ಬಲ್ಬಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಹೇಟೆ ಇಲ್ಲದ ಮರಿಗಳಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬರಬೇಕು. 20 ಮರಿಗೆ 60 ವ್ಯಾಟ್‌ನ ಹಳೇ ಕಾಲದ ಬಲ್ಬು ಸಾಮಾನ್ಯವಾಗಿ ಸಾಕು, ಎಲ್‌ಇಡಿಯಿಂದ ಕಾವು ಬರುವುದಿಲ್ಲ. ಕೆಳಗೆ ಹಾಸಿರುವುದು ಭತ್ತದ ಹೊಟ್ಟು. ನಾಯಿ ಸಂಭ್ರಮಕ್ಕೆ ಪೆಟ್ಟಿಗೆ ಮೇಲೆ ಕಾಲಿಟ್ಟು, ಬಲ್ಬು ಕಳಚಿ ಹೊಟ್ಟಿನ ಮೇಲೆ ಬಿದ್ದರೆ ಮರಿಗಳ ಜೊತೆ ಮನೆಗೂ ಬೆಂಕಿ ಹತ್ತಬಹುದು. ಬಲ್ಬನ್ನು ಅದರ ಕರೆಂಟ್ ವೈರಿನಿಂದಲೇ ನೇತುಹಾಕಬೇಡಿ. ಬೇರೆ ಕಬ್ಬಿಣದ ತಂತಿಯಿಂದ ಮೇಲಿನ ಜಂತಿಗೆ ಬಿಗಿದು ಕಟ್ಟಿ. ವೈರು ನಾಯಿ ಬಾಯಿಗೆ ಸಿಗದ ಹಾಗೆ ಗೋಡೆ ಮೇಲೆ ಹೋಗಲಿ.

ಮೊದಲ ಮೂರು ದಿನ: ಮೂಗು ಮತ್ತು ಕಿವಿ ಮಾತ್ರ

ಮರಿ ಬಂದ ದಿನ ನಾಯಿಗೆ ತೋರಿಸಬೇಡಿ. ಎಷ್ಟು ಆಸೆ ಆದರೂ ಬೇಡ. ಮರಿಗಳು ಹೊಸ ಜಾಗಕ್ಕೆ ಬಂದು ಸುಸ್ತಾಗಿರುತ್ತವೆ, ಅವು ನೀರು ಕುಡಿದು, ನುಚ್ಚು ತಿಂದು, ಬೆಚ್ಚಗೆ ಮಲಗಲಿ. ನಾಯಿಗೆ ಬಾಗಿಲಾಚೆಯಿಂದ ಪಿಯ್ ಪಿಯ್ ಸದ್ದು ಕೇಳಿಸುತ್ತದೆ, ಅದರಲ್ಲೇ ಬೇಕಾದಷ್ಟು ಕುತೂಹಲ ಇದೆ. ಬಾಗಿಲ ಹತ್ತಿರ ಬಂದು ಮೂಸಿ, ತಾನೇ ತಿರುಗಿ ಹೋದಾಗ ತಿಂಡಿ ಕೊಡಿ.

ಮರಿಗಳ ಕೆಳಗೆ ಹಾಸಿದ ಬಟ್ಟೆ ಚೂರೊಂದನ್ನು ತಂದು ನೆಲಕ್ಕೆ ಹಾಕಿ. ನಾಯಿ ಮೂಸಲಿ. ಬಾಯಿ ಹಾಕಿದರೆ "ಬಿಡು". ಕೆಂಚ ಮೊದಲ ದಿನ ಆ ಬಟ್ಟೆಯನ್ನು ಮೂಸಿದ್ದೇ ಮೂಸಿದ್ದು, ಮೂರನೇ ದಿನದ ಹೊತ್ತಿಗೆ ಅದರ ಮೇಲೆ ಕಾಲಿಟ್ಟು ನಡೆದುಹೋದ. ಆಗ ನನಗೆ ಮುಂದಿನ ಹೆಜ್ಜೆ ಇಡಬಹುದು ಅನ್ನಿಸಿತು.

ಎರಡು ಮಾರು ದೂರದಿಂದ

ಇದಕ್ಕೆ ಇಬ್ಬರು ಬೇಕು. ಒಬ್ಬರು ನಾಯಿ ಹಿಡಿಯುವವರು, ಇನ್ನೊಬ್ಬರು ಮರಿ ಪೆಟ್ಟಿಗೆ ಪಕ್ಕ. ನಾಯಿಯನ್ನು ಮೊದಲು ಚೆನ್ನಾಗಿ ಒಂದು ಸುತ್ತು ಓಡಾಡಿಸಿ, ಹೊಟ್ಟೆ ತುಂಬಾ ಅಲ್ಲದಿದ್ದರೂ ಸ್ವಲ್ಪ ತಿನ್ನಿಸಿ ಕರೆತನ್ನಿ. ಹಸಿದು, ಮೈಯಲ್ಲಿ ಉಕ್ಕುವ ಶಕ್ತಿ ಇಟ್ಟುಕೊಂಡ ನಾಯಿಗೆ ಸುಮ್ನೆ ಕೂರು ಅಂದರೆ ಹೇಗೆ ಕೂರುತ್ತದೆ? ಕತ್ತಿನ ಬೆಲ್ಟಿಗೆ ಹಗ್ಗ ಹಾಕಿ, ಆದರೆ ಹಗ್ಗ ಸಡಿಲವಾಗಿರಲಿ, ಬಿಗಿ ಹಿಡಿದಷ್ಟೂ ನಾಯಿ ಬಿಗಿಯಾಗುತ್ತದೆ. ಜಾಲರಿ ಮುಚ್ಚಿದ ಪೆಟ್ಟಿಗೆಯಿಂದ ಎರಡು ಮಾರು, ಅಂದರೆ ಹತ್ತು ಹನ್ನೆರಡು ಅಡಿ ದೂರದಲ್ಲಿ ನಿಲ್ಲಿ.

ಈಗ ಮರಿಯನ್ನು ನೋಡಬೇಡಿ, ನಾಯಿಯನ್ನು ನೋಡಿ. ಮೈ ಕಲ್ಲಿನ ಹಾಗೆ ನಿಂತು, ಬಾಯಿ ಮುಚ್ಚಿ, ಕಿವಿ ಮುಂದಕ್ಕೆ ನಿಮಿರಿ, ಕಣ್ಣು ಮಿಟುಕಿಸದೆ ದಿಟ್ಟಿಸುತ್ತಿದ್ದರೆ ಅದು ಬೇಟೆಯ ನೋಟ. ಬಾಲ ಆಡುತ್ತಿದ್ದರೂ ನಂಬಬೇಡಿ, ನೆಟ್ಟಗೆ ಎತ್ತಿ ಸಣ್ಣಗೆ ಅದುರುವ ಬಾಲ ಖುಷಿಯದ್ದಲ್ಲ. ಮುಂಗಾಲು ಒಂದನ್ನು ಎತ್ತಿ ನಿಲ್ಲುವುದು, ಜೊಲ್ಲು ಸುರಿಯುವುದು, ನಡುಗುವುದು, ಕುಂಯ್ ಕುಂಯ್ ಅನ್ನುವುದು ಎಲ್ಲ ಅದೇ ಸಾಲಿಗೆ ಸೇರಿದವು. ಕೆಂಚನ ಬಾಯಿಂದ ಮೊದಲ ದಿನ ಜೊಲ್ಲಿನ ಒಂದು ಎಳೆ ಇಳಿದು ರೆಡ್ ಆಕ್ಸೈಡ್ ನೆಲ ಮುಟ್ಟಿತ್ತು, ಅವನಿಗೆ ಅದರ ಅರಿವೇ ಇರಲಿಲ್ಲ. ಹೀಗಾದರೆ ಬೈಯಬೇಡಿ, ಜಗ್ಗಬೇಡಿ, ಹಗ್ಗದ ಜೊತೆ ನೀವೂ ತಿರುಗಿ ನಾಲ್ಕು ಹೆಜ್ಜೆ ಹಿಂದೆ ಹೋಗಿ. ಬಾಯಿಗೆ ತಿಂಡಿ ಹಿಡಿದು ನೋಡಿ. ತಿಂಡಿಯನ್ನೂ ತೆಗೆದುಕೊಳ್ಳದಿದ್ದರೆ ಇನ್ನೂ ಹತ್ತಿರ ಇದ್ದೀರಿ ಅಂತ ಅರ್ಥ.

ಒಳ್ಳೆಯ ಲಕ್ಷಣ ಯಾವುದು? ಮರಿ ಕಡೆ ನೋಡಿ, ತಾನಾಗಿ ಮುಖ ತಿರುಗಿಸುವುದು. ನೆಲ ಮೂಸುವುದು, ಮೈ ಕೊಡವುವುದು, ನಿಮ್ಮ ಮುಖ ನೋಡುವುದು. ಮುಖ ತಿರುಗಿಸಿದ ಪ್ರತಿ ಸಲವೂ ತಿಂಡಿ ಕೊಡಿ, ಅದೂ ಆ ಕ್ಷಣಕ್ಕೇ, ಅರ್ಧ ನಿಮಿಷ ಬಿಟ್ಟು ಕೊಟ್ಟರೆ ಯಾಕೆ ಸಿಕ್ಕಿತು ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ. ಎರಡರಿಂದ ಐದು ನಿಮಿಷಕ್ಕೆ ನಿಲ್ಲಿಸಿ, ದಿನಕ್ಕೆ ಎರಡು ಮೂರು ಸಲ ಮಾಡಿ. ಚೆನ್ನಾಗಿ ನಡೆಯುತ್ತಿದೆ ಅಂತ ಎಳೆಯಬೇಡಿ, ಚೆನ್ನಾಗಿರುವಾಗಲೇ ಎದ್ದು ಬನ್ನಿ.

ಪೂರ್ತಿ ಎರಡು ದಿನ ಆ ದೂರದಲ್ಲಿ ಸಡಿಲವಾಗಿ ಇದ್ದರೆ ಎರಡು ಅಡಿ ಹತ್ತಿರ ಹೋಗಿ. ಮತ್ತೆ ಬಿಗಿಯಾದರೆ ಹಿಂದಿನ ಜಾಗಕ್ಕೇ ವಾಪಸ್. ನಮಗೆ ಒಂಬತ್ತನೇ ದಿನ ಒಂದು ಗಳಿಗೆ ಬಂತು. ಪೆಟ್ಟಿಗೆಯಿಂದ ಆರು ಅಡಿ ದೂರದಲ್ಲಿ ಕೆಂಚ ಕೂತಿದ್ದ, ಒಳಗೆ ಎರಡು ಮರಿ ಒಂದು ಹುಳಕ್ಕೆ ಜಗಳವಾಡುತ್ತಿದ್ದವು. ಒಂದು ಸಲ ನೋಡಿದ, ನನ್ನ ಕಡೆ ನೋಡಿದ, ಆಮೇಲೆ ಸೊಂಟ ಒಂದು ಪಕ್ಕಕ್ಕೆ ಹಾಕಿ ಮಲಗಿ, ಗದ್ದ ನೆಲಕ್ಕೆ ಊರಿ, ಉಸ್ಸ್ ಅಂತ ಉದ್ದನೆಯ ಉಸಿರು ಬಿಟ್ಟ. ನಾಯಿ ಹಾಗೆ ಸೊಂಟ ಹೊರಳಿಸಿ ಮಲಗಿದರೆ ತಕ್ಷಣ ಎದ್ದು ನುಗ್ಗುವ ಯೋಚನೆ ಇಲ್ಲ ಅಂತ ತಿಳಿಯಬಹುದು. ನನಗೆ ಕಣ್ಣಲ್ಲಿ ನೀರೇ ಬಂತು.

ಒಂದು ವಿಷಯ ಮರೆಯಬೇಡಿ. ಬಲ್ಬಿನ ಕೆಳಗೆ ತೂಕಡಿಸುವ ಮರಿ ಬೇರೆ, ರೆಕ್ಕೆ ಬಡಿದು ಓಡುವ ಮರಿ ಬೇರೆ. ನಾಯಿ ಮಲಗಿದ ಮರಿಗೆ ಒಗ್ಗಿಕೊಂಡಿದ್ದರೆ ಓಡುವ ಮರಿಗೂ ಒಗ್ಗಿಕೊಂಡಿದೆ ಅಂತಲ್ಲ. ಹಾಗಾಗಿ ಮರಿಗಳಿಗೆ ಕಾಳು ಹಾಕಿ ಗಲಾಟೆ ಎಬ್ಬಿಸಿ, ಆಗಲೂ ದೂರದಿಂದ ಅಭ್ಯಾಸ ಮಾಡಿಸಿ.

ಕೈಯಲ್ಲಿ ಹಿಡಿದು ಮೂಸಿಸಬೇಕಾ?

ಬೇಡ ಅನ್ನುವುದೇ ನನ್ನ ಅಭಿಪ್ರಾಯ. ನಾವು ಕೈಯಲ್ಲಿ ಹಿಡಿದು ಮೂತಿ ಮುಂದೆ ತಂದದ್ದು ಏನಾದರೂ ಇದ್ದರೆ ಅದು ತಿನ್ನುವ ವಸ್ತು ಅಂತ ನಾಯಿ ಹುಟ್ಟಿದಾಗಿನಿಂದ ಕಲಿತಿದೆ. ಅದೇ ಕೈಯಲ್ಲಿ ಮರಿ ಹಿಡಿದು "ಮೂಸು ಆದರೆ ತಿನ್ನಬೇಡ" ಅಂದರೆ ನಾಯಿಗೆ ಅನ್ಯಾಯ ಮಾಡಿದ ಹಾಗೆ. ಜಾಲರಿ ಆಚೆಯಿಂದಲೇ ಮೂಸಲಿ, ಅಷ್ಟು ಸಾಕು.

ಹೇಟೆ ಜೊತೆಗಿರುವ ಮರಿಗಳು

ನಾಟಿ ಕೋಳಿಯನ್ನು ಕಾವಿಗೆ ಕೂರಿಸಿ 21 ದಿನಕ್ಕೆ ಮರಿ ಮಾಡಿಸಿದವರಿಗೆ ಅರ್ಧ ಕೆಲಸ ಹೇಟೆಯೇ ಮಾಡಿಕೊಡುತ್ತದೆ. ಪುಕ್ಕ ಕೆದರಿಕೊಂಡು ಮೈ ಎರಡರಷ್ಟು ದಪ್ಪ ಮಾಡಿ ನುಗ್ಗಿ ಬಂದರೆ ದೊಡ್ಡ ನಾಯಿಗಳೂ ಹಿಂದೆ ಸರಿಯುತ್ತವೆ. ಆದರೆ ಅದನ್ನೇ ನಂಬಿ ಬಿಡಬೇಡಿ. ಹೇಟೆ ಕೊಕ್ಕು ನಾಯಿಯ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು, ನೋವಿಗೆ ನಾಯಿ ತಿರುಗಿ ಕಚ್ಚಿದರೆ ಹೇಟೆ ಹೋಗುತ್ತದೆ. ಇಲ್ಲಿಯೂ ಹಗ್ಗ, ಇಲ್ಲಿಯೂ ಎರಡು ಮಾರು ದೂರ.

ಮರಿಗಳು ಹೊರಗೆ ಬಂದಾಗ

ಐದಾರು ವಾರಕ್ಕೆ ಪುಕ್ಕ ತುಂಬಿ ಮರಿಗಳು ಅಂಗಳಕ್ಕೆ ಇಳಿಯುತ್ತವೆ. ಈ ಹೊತ್ತಿಗೆ ಅವುಗಳ ಆಕಾರ ಬೇರೆ, ಸದ್ದು ಬೇರೆ, ಓಟ ಬೇರೆ. ನಾಯಿಗೆ ಇದು ಹೊಸ ಪ್ರಾಣಿ. ಹಾಗಾಗಿ ಮತ್ತೆ ಎರಡು ಮಾರು ದೂರದಿಂದಲೇ ಶುರು. ಮರಿಗಳು ಬೇಲಿಯೊಳಗೆ, ನಾಯಿ ಹದಿನೈದು ಇಪ್ಪತ್ತು ಅಡಿ ಉದ್ದದ ಹಗ್ಗದಲ್ಲಿ ಹೊರಗೆ. ಹಲವು ದಿನ ಯಾವ ತೊಂದರೆಯೂ ಇಲ್ಲದಿದ್ದರೆ ಮಾತ್ರ ಒಂದೇ ಅಂಗಳದಲ್ಲಿ ಬಿಟ್ಟು ನೋಡಿ, ಹಗ್ಗ ನೆಲದ ಮೇಲೆ ಎಳೆದುಕೊಂಡು ಓಡಾಡಲಿ, ಬೇಕಾದಾಗ ಕಾಲಿಟ್ಟು ನಿಲ್ಲಿಸಬಹುದು. ಅನುಮಾನ ಇರುವ ನಾಯಿಗೆ ಎತ್ತಿಗೆ ಹಾಕುವ ಕುಕ್ಕೆಯಂಥ ಬಾಯಿಬುಟ್ಟಿ ಸಿಗುತ್ತದೆ, ಅದರೊಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಬಟ್ಟೆಯಿಂದ ಬಾಯಿ ಬಿಗಿದು ಕಟ್ಟುವುದು ಬೇಡ, ನಮ್ಮ ಬಿಸಿಲಿಗೆ ಅದು ಅಪಾಯ. ಕುಕ್ಕೆ ಹಾಕಿದರೂ ಪಂಜದಿಂದ ಒತ್ತಿ ಮರಿ ಸಾಯಬಹುದು, ಕಣ್ಣಿಟ್ಟಿರಿ.

ರಾತ್ರಿ, ಮತ್ತು ಮನೆಯಲ್ಲಿ ಯಾರೂ ಇಲ್ಲದಾಗ, ನಾಯಿ ಎಷ್ಟೇ ಒಳ್ಳೆಯದಾದರೂ ಕೋಳಿ ಗೂಡಿನ ಚಿಲಕ ಹಾಕಿರಬೇಕು. ಬೀದಿ ನಾಯಿ ಎರಡು ಒಳಗೆ ನುಗ್ಗಿದರೆ ನಿಮ್ಮ ನಾಯಿಯೂ ಅವುಗಳ ಜೊತೆ ಸೇರಿಬಿಡುವುದು ಉಂಟು. ಗುಂಪಿನಲ್ಲಿ ನಾಯಿಯ ಬುದ್ಧಿ ಬೇರೆ.

ಹೊಟ್ಟೆಗೆ ಹೋಗುವ ವಿಷಯ

ನಾಯಿಗಳಿಗೆ ಕೋಳಿ ಹಿಕ್ಕೆ ತಿನ್ನುವ ಚಾಳಿ ಇರುತ್ತದೆ. ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು, ನಾಯಿಗೆ ಭೇದಿ ಆಗುತ್ತದೆ, ಅದೇ ಬಾಯಿಂದ ಮಕ್ಕಳ ಮುಖ ನೆಕ್ಕಿದರೆ ಅವರಿಗೂ ಬರುತ್ತದೆ. ಮರಿ ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ. ಮರಿಗಳ ಸ್ಟಾರ್ಟರ್ ಫೀಡ್ ಚೀಲವನ್ನು ಮುಚ್ಚಳದ ಡ್ರಮ್ಮಿನಲ್ಲಿ ಇಡಿ. ಮರಿಗಳ ರಕ್ತಭೇದಿ ತಡೆಯಲು ಕೆಲವು ಫೀಡಿನಲ್ಲಿ ಮೊನೆನ್ಸಿನ್, ಸ್ಯಾಲಿನೊಮೈಸಿನ್‌ನಂಥ ಔಷಧಿ ಬೆರೆಸಿರುತ್ತಾರೆ, ಅದು ನಾಯಿಗೆ ವಿಷ, ಕಾಲಿನ ಶಕ್ತಿಯೇ ಹೋಗಬಹುದು. ಜಾಸ್ತಿ ತಿಂದಿದೆ ಅನ್ನಿಸಿದರೆ ಚೀಲದ ಚೀಟಿ ಸಮೇತ ಪಶುವೈದ್ಯರ ಹತ್ತಿರ ಹೋಗಿ. ಸತ್ತ ಮರಿಯನ್ನು ತಿಪ್ಪೆಗೆ ಎಸೆಯದೆ ಎರಡು ಅಡಿಯಾದರೂ ಆಳಕ್ಕೆ ಹೂತು ಮೇಲೆ ಕಲ್ಲಿಡಿ, ಇಲ್ಲದಿದ್ದರೆ ನಾಯಿ ಕೆದಕಿ ತೆಗೆಯುತ್ತದೆ.

ಬಾಯಿ ಹಾಕೇಬಿಟ್ಟರೆ

ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ, ಮರಿಯನ್ನು ಹಿಡಿದು ಎಳೆಯಬೇಡಿ. ಎಳೆದರೆ ನಾಯಿ ಹಲ್ಲು ಇನ್ನೂ ಬಿಗಿ ಮಾಡುತ್ತದೆ. ಹತ್ತಿರ ಹೋಗಿ ಬೆಲ್ಟು ಹಿಡಿದು, ಮಾಮೂಲಿ ದನಿಯಲ್ಲೇ "ಬಿಡು" ಅಂದು ಮೂಗಿನ ಮುಂದೆ ತಿಂಡಿ ಹಿಡಿಯಿರಿ. ಬಿಟ್ಟ ಮೇಲೆ ನಾಯಿಯನ್ನು ಬೇರೆ ಕಡೆ ಕಟ್ಟಿ ಬನ್ನಿ. ಮರಿಯನ್ನು ಬೆಚ್ಚಗಿನ, ಕತ್ತಲೆಯ, ಸದ್ದಿಲ್ಲದ ಪೆಟ್ಟಿಗೆಯಲ್ಲಿ ಒಂದೇ ಇಡಿ, ಒದ್ದೆಯಾಗಿದ್ದರೆ ಒರೆಸಿ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ. ಪುಕ್ಕ ಬಿಡಿಸಿ ನೋಡಿ, ಸೂಜಿ ಮೊನೆಯಷ್ಟು ತೂತು ಇದ್ದರೂ ಒಳಗೆ ಕೀವಾಗುತ್ತದೆ, ಅವತ್ತೇ ಪಶುವೈದ್ಯರಿಗೆ ತೋರಿಸಿ.

ನಾಯಿಗೆ ಹೊಡೆಯಬೇಡಿ. ನಾನೂ ಆ ದಿನ ಕೈ ಎತ್ತಿದ್ದೆ, ಆದರೆ ಕೆಂಚ ಕಾಲ ಬಳಿ ಮರಿ ಇಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ತಪ್ಪು ಜಗುಲಿ ಮೇಲೆ ಬಾಕ್ಸ್ ಇಟ್ಟು ಹೋದ ನನ್ನದು. ಹೊಡೆದರೆ ಮರಿ ಅಂದರೆ ಏಟು ಅಂತ ಕಲಿಯುತ್ತದೆ, ನೀವಿಲ್ಲದಾಗ ಅದರ ಸಿಟ್ಟು ಮರಿಯ ಮೇಲೇ ತಿರುಗಬಹುದು.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿದರೆ, ನಮಗೆ ಜಾಲರಿ ಪಕ್ಕ ಸುಮ್ನೆ ಮಲಗುವುದಕ್ಕೆ ಮೂರು ವಾರ, ಅಂಗಳದಲ್ಲಿ ಹಗ್ಗ ಬಿಚ್ಚುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹೋದ ವರ್ಷ ಹೊಸದಾಗಿ 15 ಸ್ವರ್ಣಧಾರಾ ಮರಿ ತಂದಾಗ, ಕೆಂಚ ದೊಡ್ಡ ಕೋಳಿಗಳ ಜೊತೆ ಪಳಗಿದ್ದಾನೆ ಅಂತ ಸುಮ್ಮನಾಗಲಿಲ್ಲ, ಮತ್ತೆ ಬಟ್ಟೆ ಚೂರಿನಿಂದಲೇ ಶುರು ಮಾಡಿದೆ. ಮೊದಲ ದಿನ ಪಿಯ್ ಪಿಯ್ ಸದ್ದಿಗೆ ಅವನ ಕಿವಿ ಹಾಗೇ ನಿಮಿರಿತ್ತು. ಈ ಸಲ ನಾಲ್ಕೇ ದಿನಕ್ಕೆ ಗದ್ದ ನೆಲಕ್ಕೆ ಬಂತು.